ಗೋವಾದ ಕಾಡು, ಗದಗಿನ ಹಸಿ

“ಕಾಡು ಕಡದ್ರ ಮಳಿ ಕಡಿಮಿ ಆಕ್ಕೈತಿ ಅಂತ ಸಾಲ್ಯಾಗ ಕಲಿಸಿದ್ರಲ್ಲ, ಮತ್ತ ಇದೇನಿದು?”

ಹೋದ ಜುಲೈನಲ್ಲಿ ನಮ್ಮ ಓಣಿಯ ಗೌಂಡಿ ಕಾಕಾ ಕೇಳಿದ ಪ್ರಶ್ನೆ ಇದು. ಗೋವಾದ ವಾಸ್ಕೋದಲ್ಲಿ ಮೂರು ದಿನದಿಂದ ಮಳೆ ಬಿಟ್ಟಿರಲಿಲ್ಲ. ಸಿಮೆಂಟ್ ಚೀಲಗಳ ಮೇಲೆ ತಾಡಪಾಲು ಹೊದಿಸಿ ಅವರು ಚಹಾದಂಗಡಿಯಲ್ಲಿ ಕೂತಿದ್ದರು. ಗದಗ ಜಿಲ್ಲೆಯ ರೋಣ ತಾಲ್ಲೂಕಿನವರು. ಮಳೆ ಕೈಕೊಟ್ಟಿತು ಅಂತಲೇ ಮೂವತ್ತು ವರ್ಷದ ಹಿಂದೆ ಊರು ಬಿಟ್ಟವರು. “ಇಲ್ಲಿ ಗುಡ್ಡ ಕಡದು ಕಡದು ಬಿಲ್ಡಿಂಗ್ ಎಬ್ಬಿಸೇವಿ. ನನ್ನ ಕೈಲೇನ ಎಷ್ಟು ಕಟ್ಟೇನಿ. ಮಳಿ ಎಲ್ಲಿ ಕಡಿಮಿ ಆಗೇತಿ? ಕಡಿಮಿ ಆಗಿದ್ದು ನಮ್ಮೂರಾಗ. ಅಲ್ಲೆ ಕಡಿಯಾಕ ಕಾಡ ಇರಲಿಲ್ಲ.”

ನಕ್ಕು ತೇಲಿಸಿಬಿಡುವ ಮಾತಲ್ಲ ಇದು. “ಮರವಿದ್ದರೆ ಮಳೆ” ಅಂತ ಶಾಲೆಯ ಗೋಡೆ ಮೇಲೆ ಓದಿಕೊಂಡು ಬೆಳೆದವರು ನಾವು. ಅದನ್ನು ಹಾಗ್ಹಾಗೇ ನಂಬಿದರೆ ಕಾಕಾರ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಸುಳ್ಳು ಅಂದುಬಿಟ್ಟರೂ ತಪ್ಪಾಗುತ್ತದೆ. ಯಾವ ಮಳೆ, ಯಾವ ತಿಂಗಳಿನದು, ಯಾರ ಊರಿನದು ಅಂತ ಬಿಡಿಸಿ ಕೇಳಬೇಕು.

ಮೊದಲು ಜುಲೈ ಮಳೆಯ ಲೆಕ್ಕ ನೋಡೋಣ. ಗೋವಾದಲ್ಲಿ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ. ಧಾರವಾಡದಲ್ಲಿ 800ರ ಆಸುಪಾಸು. ಗದಗ, ಕೊಪ್ಪಳದ ಕಡೆ 600 ಬಂದರೆ ಒಳ್ಳೆಯ ವರ್ಷ. ವಾಸ್ಕೋದಿಂದ ಧಾರವಾಡ ರೈಲಿನಲ್ಲಿ ಐದಾರು ತಾಸಿನ ದಾರಿ. ಅಷ್ಟರಲ್ಲೇ ಮಳೆ ಕಾಲು ಭಾಗಕ್ಕೆ ಇಳಿದಿರುತ್ತದೆ. ಇದಕ್ಕೆ ಕಾರಣ ಕಾಡಲ್ಲ, ಬೆಟ್ಟ. ಅರಬ್ಬಿ ಸಮುದ್ರದಿಂದ ತೇವ ಹೊತ್ತು ಬರುವ ಗಾಳಿ ಸಹ್ಯಾದ್ರಿಗೆ ಬಡಿದು ಮೇಲೇರುತ್ತದೆ. ಏರಿದಂತೆ ತಣ್ಣಗಾಗುತ್ತದೆ. ತಣ್ಣಗಿನ ಗಾಳಿ ಅಷ್ಟು ಆವಿಯನ್ನು ಹಿಡಿದಿಟ್ಟುಕೊಳ್ಳಲಾರದು, ಸುರಿದುಬಿಡುತ್ತದೆ. ಬೆಟ್ಟ ದಾಟಿ ಆಚೆ ಇಳಿಯುವಾಗ ಮತ್ತೆ ಬಿಸಿಯಾಗಿ ಮೋಡ ಕರಗುತ್ತದೆ. ಮುಂಬೈಗೆ 2,000 ಮಿ.ಮೀ. ದಾಟಿ ಮಳೆ, ಘಾಟಿನ ಆಚೆಗಿರುವ ಪುಣೆಗೆ 700ರಷ್ಟು. ಅಲ್ಲಿಯೂ ಇದೇ ಆಟ.

ನಾಳೆ ಘಟ್ಟದ ಮರಗಳನ್ನೆಲ್ಲ ಬೋಳಿಸಿದರೂ ಬೆಟ್ಟ ಅಲ್ಲೇ ಇರುತ್ತದೆ. ಕಡಲೂ ಇರುತ್ತದೆ. ಜುಲೈನಲ್ಲಿ ವಾಸ್ಕೋ ನೆನೆದೇ ಇರುತ್ತದೆ. ಕಾಕಾ ಕಂಡದ್ದು ಸರಿ. ಮೇಲಾಗಿ ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ, ಬಿಸಿ ಕಡಲು ಹೆಚ್ಚು ಆವಿ ಕೊಡುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮಧ್ಯ ಭಾರತದಲ್ಲಿ 1950ರಿಂದ 2015ರ ನಡುವೆ ದೊಡ್ಡ ಪ್ರದೇಶದ ಮೇಲೆ ಒಮ್ಮೆಗೇ ಸುರಿಯುವ ಅತಿಮಳೆ ಮೂರು ಪಟ್ಟಾಗಿದೆ. ಒಟ್ಟು ಮುಂಗಾರು ಮಳೆ ಮಾತ್ರ ತಗ್ಗಿದೆ. ಅಂದರೆ ಅಬ್ಬರ ಜಾಸ್ತಿ, ಜಮೆ ಕಡಿಮೆ. ಅಂಗಳದಲ್ಲಿ ನಿಂತು ನೋಡಿದರೆ ಅಬ್ಬರವೇ ಕಾಣುತ್ತದೆ.

ಹಾಗಾದರೆ ಕಾಡು ಮಾಡುವ ಕೆಲಸ ಏನು?

ಬಿದ್ದ ಮಳೆಯನ್ನು ಅದು ಮತ್ತೆ ಮೇಲಕ್ಕೆ ಕಳಿಸುತ್ತದೆ. ಒಂದಿಷ್ಟು ನೀರು ಎಲೆಯ ಮೇಲೇ ನಿಂತು ಆರುತ್ತದೆ. ಉಳಿದದ್ದು ನೆಲಕ್ಕೆ ಇಂಗುತ್ತದೆ, ಬೇರು ಅದನ್ನು ಎಳೆಯುತ್ತದೆ, ಎಲೆ ಆವಿಯಾಗಿ ಬಿಡುತ್ತದೆ. ನಿತ್ಯಹಸಿರು ಕಾಡಿನಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ ಐದಾರು ಚದರ ಮೀಟರ್ ಎಲೆ ಹರಡಿರುತ್ತದೆ. ಇದು ಸಣ್ಣ ಮಾತಲ್ಲ. ನೆಲ ಒಂದೇ ಪದರ, ಕಾಡು ಐದಾರು ಪದರ. ಒಂದು ದೊಡ್ಡ ಮರ ದಿನಕ್ಕೆ ನೂರು ಲೀಟರ್ ನೀರನ್ನು ಆವಿ ಮಾಡಬಲ್ಲದು. ಅಷ್ಟು ನೀರನ್ನು ಆವಿಯಾಗಿಸಲು ಸುಮಾರು 70 ಯೂನಿಟ್ ಕರೆಂಟಿಗೆ ಸಮನಾದ ಶಾಖ ಬೇಕು. ಆ ಶಾಖವನ್ನು ಮರ ಸುತ್ತಲಿನಿಂದ ಹೀರಿಕೊಳ್ಳುತ್ತದೆ. ಮನೆಯ ಎರಡು ಏಸಿಗಳನ್ನು ದಿನವಿಡೀ ಓಡಿಸಿದಷ್ಟು ತಂಪು ಅದು, ಬಿಲ್ಲು ಬರುವುದಿಲ್ಲ.

ಮೇ ತಿಂಗಳಲ್ಲಿ ವಾಸ್ಕೋದಿಂದ ಹುಬ್ಬಳ್ಳಿ ಕಡೆ ರೈಲು ಹತ್ತಿದವರಿಗೆ ಇದು ಗೊತ್ತು. ಮಡಗಾಂವ್ ತನಕ ಶರ್ಟು ಬೆನ್ನಿಗೆ ಅಂಟಿರುತ್ತದೆ. ಕುಳೆಂ ದಾಟಿ ಗಾಡಿ ಘಾಟಿ ಏರತೊಡಗಿದರೆ ಕಿಟಕಿಯ ಗಾಳಿಯೇ ಬೇರೆ. ಎತ್ತರ ಏರಿದ್ದಕ್ಕೆ ತಂಪು ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ನಿಜ. ಆದರೆ ಗಾಡಿ ಇನ್ನೂ ಏರುವ ಮೊದಲೇ, ಮರಗಳು ಹತ್ತಿರ ಬಂದ ಕೂಡಲೇ ತಂಪು ತಗಲುತ್ತದೆ. ಮರ ಹೋದ ಜಾಗದಲ್ಲಿ ಬಿಸಿಲಿನ ಶಾಖ ನೀರನ್ನು ಆವಿ ಮಾಡುವುದಕ್ಕೆ ಖರ್ಚಾಗುವುದಿಲ್ಲ, ನೆಲವನ್ನೇ ಕಾಯಿಸುತ್ತದೆ. ಉಷ್ಣವಲಯದಲ್ಲಿ ಕಾಡು ಕಡಿದ ಕಡೆ ಮೊದಲು ಗೊತ್ತಾಗುವ ಬದಲಾವಣೆ ಇದೇ. ಮಳೆಯ ಲೆಕ್ಕ ಆಮೇಲಿನದು.

ಆ ಲೆಕ್ಕ ಶುರುವಾದದ್ದು ಅಮೆಜಾನ್‌ನಲ್ಲಿ. ಬ್ರೆಜಿಲ್‌ನ ವಿಜ್ಞಾನಿ ಎನೇಯಸ್ ಸಲಾಟಿ 1970ರ ದಶಕದಲ್ಲಿ ಮಳೆನೀರಿನೊಳಗಿನ ಆಮ್ಲಜನಕದ ಬಗೆಗಳನ್ನು ಅಳೆದರು. ಅಟ್ಲಾಂಟಿಕ್ ಕಡಲಿನಿಂದ ಬಂದ ತೇವ ಒಮ್ಮೆ ಸುರಿದು ಮುಗಿಯುವುದಿಲ್ಲ, ಕಾಡು ಅದನ್ನು ಮತ್ತೆ ಎತ್ತಿ ಮುಂದಕ್ಕೆ ಕಳಿಸುತ್ತದೆ ಅಂತ ಕಂಡಿತು. ಅಲ್ಲಿನ ಮಳೆಯಲ್ಲಿ ಸುಮಾರು ಅರ್ಧ ಹೀಗೆ ತಿರುಗಿ ಬಂದದ್ದು. ಅದೇ ನೀರು, ಮತ್ತೆ ಮತ್ತೆ ಮಳೆ. 2012ರಲ್ಲಿ ಬ್ರಿಟನ್ನಿನ ಡೊಮಿನಿಕ್ ಸ್ಪ್ರ್ಯಾಕ್ಲೆನ್ ಮತ್ತು ಸಂಗಡಿಗರು ಇನ್ನೊಂದು ಬಗೆಯಲ್ಲಿ ನೋಡಿದರು. ಮಳೆ ತಂದ ಗಾಳಿ ಹಿಂದಿನ ಕೆಲವು ದಿನ ಯಾವ ನೆಲದ ಮೇಲಿಂದ ಬಂತು ಅಂತ ಹಿಂಬಾಲಿಸಿದರು. ಉಷ್ಣವಲಯದ ಬಹುಪಾಲು ಕಡೆ, ದಟ್ಟ ಹಸಿರಿನ ಮೇಲಿಂದ ಬಂದ ಗಾಳಿ ಕನಿಷ್ಠ ಎರಡು ಪಟ್ಟು ಮಳೆ ಸುರಿಸಿತ್ತು.

2023ರಲ್ಲಿ ಅದೇ ಗುಂಪಿನವರು ಉಪಗ್ರಹದ ದಾಖಲೆ ಇಟ್ಟುಕೊಂಡು ಅಮೆಜಾನ್, ಕಾಂಗೋ, ಆಗ್ನೇಯ ಏಷ್ಯಾ ಮೂರನ್ನೂ ನೋಡಿದರು. 200 ಕಿ.ಮೀ. ಅಗಲದ ಪ್ರದೇಶದಲ್ಲಿ ಕಾಡಿನ ಪಾಲು ಶೇ 1ರಷ್ಟು ಇಳಿದರೆ ತಿಂಗಳಿಗೆ ಸುಮಾರು 0.25 ಮಿ.ಮೀ. ಮಳೆ ತಗ್ಗುತ್ತದೆ. ಓದಿದಾಗ ನನಗೂ ಇಷ್ಟೇನಾ ಅನಿಸಿತ್ತು. ಆದರೆ ಗುಣಿಸಿ ನೋಡಿ. ಶೇ 40ರಷ್ಟು ಕಾಡು ಹೋದರೆ ತಿಂಗಳಿಗೆ 10 ಮಿ.ಮೀ. ಗೋವಾದಲ್ಲಿ ಅದು ಜುಲೈನ ಒಂದು ಗಳಿಗೆಯ ಮಳೆ. ವರ್ಷಕ್ಕೇ 600 ಮಿ.ಮೀ. ಬೀಳುವ ಊರಿನಲ್ಲಿ, ಅದೂ ಬಿತ್ತುವ ತಿಂಗಳಲ್ಲಿ, 10 ಮಿ.ಮೀ. ಅಂದರೆ ಒಂದು ಹದ ಮಳೆ. ಕಾಂಗೋದ ಲೆಕ್ಕವನ್ನು ಘಟ್ಟಕ್ಕೆ ತಂದು ಅಂಟಿಸಬಾರದು, ಇಲ್ಲಿನ ಬೆಟ್ಟ ಬೇರೆ, ಗಾಳಿ ಬೇರೆ. ಅಂಕಿಯ ಅಳತೆ ಎಷ್ಟು ದೊಡ್ಡದು ಅನ್ನೋದು ಅದು ಯಾರ ಹೊಲದ ಮೇಲೆ ಬೀಳುತ್ತದೆ ಅನ್ನೋದರ ಮೇಲಿದೆ ಅಂತಷ್ಟೇ ನನ್ನ ಮಾತು.

ಇಲ್ಲೇ ಕಾಕಾರ ಪ್ರಶ್ನೆಯ ಎರಡನೇ ಅರ್ಧ ಬರುತ್ತದೆ. ಅವರೂರಲ್ಲಿ ಕಡಿಯಲು ಕಾಡಿರಲಿಲ್ಲ, ಆದರೂ ಮಳೆ ಕೈಕೊಟ್ಟಿತು.

ಕಾಡು ಎತ್ತಿದ ಆವಿ ಕಾಡಿನ ಮೇಲೇ ನಿಲ್ಲುವುದಿಲ್ಲ. ಗಾಳಿ ಹೋದತ್ತ ಹೋಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಗಾಳಿ ಬೀಸುವುದು ಪಡುವಣದಿಂದ ಮೂಡಣಕ್ಕೆ. ವಾಸ್ಕೋದಿಂದ ಹೊರಡುವ ಅಮರಾವತಿ ಎಕ್ಸ್‌ಪ್ರೆಸ್ಸಿನ ದಾರಿ ನೆನಪಿಸಿಕೊಳ್ಳಿ. ಕುಳೆಂ, ದೂಧಸಾಗರ, ಕ್ಯಾಸಲ್‌ರಾಕ್, ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿ, ಆಮೇಲೆ ಆಂಧ್ರ. ಮುಂಗಾರಿನ ಗಾಳಿಯದೂ ಹೆಚ್ಚುಕಡಿಮೆ ಇದೇ ದಿಕ್ಕು. ಗದಗ ಜಿಲ್ಲೆಯ ತುಂಬ ಎದ್ದು ನಿಂತಿರುವ ವಿದ್ಯುತ್ ಫ್ಯಾನುಗಳು ಮಳೆಗಾಲದಲ್ಲಿ ಜೋರಾಗಿ ತಿರುಗುವುದು ಈ ಗಾಳಿಯಿಂದಲೇ. ಗಾಳಿ ಅಲ್ಲಿಗೆ ಮುಟ್ಟುತ್ತದೆ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಅದು ತೇವ ಹೊತ್ತು ಮುಟ್ಟುತ್ತದೋ ಒಣಗಿ ಮುಟ್ಟುತ್ತದೋ ಅನ್ನೋದೇ ಪ್ರಶ್ನೆ.

ಮುಂಬೈನ ಐಐಟಿಯ ಸುಬಿಮಲ್ ಘೋಷ್ ಅವರ ಗುಂಪು ಇದರ ಮೇಲೆ ಕೆಲಸ ಮಾಡಿದೆ. 2018ರ ಅವರ ಅಧ್ಯಯನದ ಪ್ರಕಾರ ತಮಿಳುನಾಡಿನ ಮೇಲೆ ಬೀಳುವ ನೈಋತ್ಯ ಮುಂಗಾರಿನ ತೇವದಲ್ಲಿ ಶೇ 40ರವರೆಗೂ ಪಶ್ಚಿಮ ಘಟ್ಟದ ಕಾಡುಗಳ ಕೊಡುಗೆ ಇರುತ್ತದೆ. ಘಟ್ಟ ಅಂದರೆ ಮೋಡ ತಡೆಯುವ ಗೋಡೆ ಅಂತಷ್ಟೇ ನಾವು ಓದಿದ್ದೆವು. ಗೋಡೆಯ ಮೇಲಿನ ಹಸಿರು ಬೆಟ್ಟದ ಆಚೆಗೂ ನೀರು ದಾಟಿಸುತ್ತದೆ ಅಂತ ಈ ಲೆಕ್ಕ ಹೇಳುತ್ತದೆ. ಬೆಟ್ಟ ಕಸಿದುಕೊಂಡದ್ದರಲ್ಲಿ ಒಂದು ಪಾಲನ್ನು ಕಾಡು ವಾಪಸ್ ಕೊಡುತ್ತದೆ ಅನ್ನಬಹುದು. ಅವರು ಲೆಕ್ಕ ಹಾಕಿದ್ದು ತಮಿಳುನಾಡಿಗೆ. ಗೋವಾ ಗಡಿಗೆ ಹತ್ತಿದ ಬೆಳಗಾವಿ ಜಿಲ್ಲೆಯ ಖಾನಾಪುರದ ಕಾಡಿನ ಮೇಲಿಂದ ಹೊರಟ ಗಾಳಿಗೆ ಮೊದಲು ಸಿಗುವುದು ಮಾತ್ರ ಧಾರವಾಡ, ಗದಗ.

ಇದೇ ಗುಂಪಿನ 2016ರ ಇನ್ನೊಂದು ಅಧ್ಯಯನ 1987 ಮತ್ತು 2005ರ ಭೂಬಳಕೆಯನ್ನು ಹೋಲಿಸಿತ್ತು. ಮರ ಬೆರೆತ ನೆಲ ಬೆಳೆಯ ನೆಲವಾದ ಕಡೆ ಆವಿ ಕಡಿಮೆಯಾಗಿ, ಮುಂಗಾರು ಮಳೆ ಕ್ಷೀಣಿಸಲು ಅದೂ ಒಂದು ಕಾರಣ ಎಂದಿತು. ಗಂಗಾ ಬಯಲು ಮತ್ತು ಈಶಾನ್ಯದಲ್ಲಿ ಆಗಸ್ಟ್-ಸೆಪ್ಟೆಂಬರ್ ಮಳೆಯ ಶೇ 20ರಿಂದ 25ರಷ್ಟು ಹೀಗೆ ನೆಲದಿಂದ ಎದ್ದು ಮರಳಿ ಬಿದ್ದದ್ದು ಅಂತಲೂ ಅವರದೇ ಲೆಕ್ಕವಿದೆ. ಜೂನ್-ಜುಲೈನಲ್ಲಿ ಅಷ್ಟಿಲ್ಲ. ಯಾಕೆ ಅಂದರೆ ಆಗ ಕಡಲಿನ ಗಾಳಿಯ ಜೋರಿನ ಮುಂದೆ ನೆಲದ ಆವಿ ಯಾವ ಲೆಕ್ಕಕ್ಕೂ ಇಲ್ಲ. ನೆಲವಿನ್ನೂ ಒಣಗಿದ್ದೂ ಹೌದು. ಮಳೆಗಾಲ ಸಾಗಿದಂತೆ ನೆಲ ನೆನೆಯುತ್ತದೆ, ಎಲೆ ತುಂಬುತ್ತದೆ, ಕಡಲ ಗಾಳಿ ಸಡಿಲಾಗುತ್ತದೆ. ಕಾಡಿನ ಪಾಳಿ ಶುರುವಾಗುವುದು ಆಗ.

ಸೆಪ್ಟೆಂಬರ್ ಅಂದರೆ ನಮ್ಮ ಕಡೆ ಹುಬ್ಬಿ, ಉತ್ತರಿ ಮಳೆ. ಎರಿ (ಕಪ್ಪು ಮಣ್ಣಿನ) ಹೊಲದವರಿಗೆ ಈ ಎರಡು ಮಳೆ ಎಷ್ಟು ಮುಖ್ಯ ಅಂತ ಹೇಳಬೇಕಿಲ್ಲ. ಹಿಂಗಾರಿ ಜೋಳ, ಕಡಲೆ ಬಿತ್ತಲು ಹೊಲದಲ್ಲಿ ಹಸಿ ನಿಲ್ಲಬೇಕು. ಆ ಹಸಿ ಕೊಡುವುದು ಇವೇ. ಜುಲೈನಲ್ಲಿ ಹತ್ತು ದಿನ ಮಳೆ ತಡವಾದರೆ ಮುಗಿಲು ನೋಡಿ ಕಾಯಬಹುದು. ಉತ್ತರಿ ತಪ್ಪಿದರೆ ಬಿತ್ತನೆಯೇ ತಪ್ಪುತ್ತದೆ. ಸ್ವಾತಿ ಹೊತ್ತಿಗೆ ಗಾಳಿಯೇ ತಿರುಗಿರುತ್ತದೆ. ಆ ಮಳೆ ಬಂಗಾಳಕೊಲ್ಲಿಯ ಲೆಕ್ಕ, ಅದನ್ನು ಘಟ್ಟದ ಕಾಡಿಗೆ ಜಮಾ ಮಾಡುವ ಹಾಗಿಲ್ಲ. ಪರಿಸರದ ಮಾತಾಡುವವರು ಕೆಲವೊಮ್ಮೆ ಎಲ್ಲ ಮಳೆಯನ್ನೂ ಮರದ ಹೆಸರಿಗೆ ಬರೆದುಬಿಡುತ್ತಾರೆ. ಅದರಿಂದ ಮಾತಿನ ತೂಕ ಹೋಗುತ್ತದೆ, ಅಲ್ವಾ?

ಇನ್ನೊಂದು ತೊಡಕೂ ಇದೆ. ಕಾಡನ್ನು ಅಲ್ಲಲ್ಲಿ ಸಣ್ಣ ತುಂಡಾಗಿ ಕಡಿದರೆ ಆ ಅಂಚಿನಲ್ಲಿ ಮಳೆ ಹೆಚ್ಚಾಗುವುದೂ ಉಂಟು. ಬೋಳು ನೆಲ ಕಾದು ಗಾಳಿ ಮೇಲೇಳುತ್ತದೆ, ಪಕ್ಕದ ಕಾಡಿನ ತೇವ ಒಳನುಗ್ಗುತ್ತದೆ, ಮೋಡ ಕಟ್ಟುತ್ತದೆ. ಬ್ರೆಜಿಲ್‌ನ ರೊಂಡೋನಿಯಾದಲ್ಲಿ ಮೊದಮೊದಲು ಹೀಗೇ ಕಂಡಿತು. ಕಡಿದ ಜಾಗ ಹರಡುತ್ತ ಹೋದಂತೆ ಅದು ಬೇರೆಯಾಯಿತು. ಗಾಳಿ ಒಳಬರುವ ಕಡೆ ಮಳೆ ಇಳಿಯಿತು, ಗಾಳಿ ಹೊರಹೋಗುವ ಕಡೆ ಏರಿತು. ಒಂದೇ ಕಡಿತ, ಒಬ್ಬನಿಗೆ ಲಾಭ, ಇನ್ನೊಬ್ಬನಿಗೆ ನಷ್ಟ. ಕೋಸ್ಟರಿಕಾದಲ್ಲಿ ಇನ್ನೂ ವಿಚಿತ್ರ. ಕೆಳಗಿನ ಬಯಲಿನ ಕಾಡು ಕಡಿದರು, ಪೆಟ್ಟು ಬಿದ್ದದ್ದು ಬೆಟ್ಟದ ತುದಿಗೆ. ಬಯಲು ಬಿಸಿಯಾಗಿ ಮೋಡದ ತಳ ಮೇಲಕ್ಕೆ ಹೋಯಿತು. ಮಾಂಟೆವೆರ್ಡೆಯ ಮಂಜಿನ ಕಾಡಿಗೆ ಮಂಜು ಕಡಿಮೆಯಾಯಿತು. 2001ರಲ್ಲೇ ಪ್ರಕಟವಾದ ವಿಷಯ ಇದು. ಕರಾವಳಿಯ ಗುಡ್ಡಗಳನ್ನು ಕೊರೆದು ವಿಲ್ಲಾ ಎಬ್ಬಿಸುತ್ತಿರುವ ಗೋವಾದವರು ಓದಬೇಕಾದದ್ದು. ಇಲ್ಲಿಯೂ ಬಯಲು ಕೆಳಗೆ, ಬೆಟ್ಟ ಪಕ್ಕದಲ್ಲೇ.

ಬಿದ್ದ ನೀರಿನ ಕತೆ ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಕಾಡಿನ ಮಣ್ಣು ನೀರು ಕುಡಿಯುತ್ತದೆ, ತುಳಿದು ಗಟ್ಟಿಯಾದ ನೆಲ ಕುಡಿಯುವುದಿಲ್ಲ. ಉತ್ತರ ಕನ್ನಡದ ಹೊಳೆಗಳನ್ನು ವರ್ಷಗಟ್ಟಲೆ ನೋಡಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಹೇಳುವಂತೆ, ಜಲಾನಯನದಲ್ಲಿ ಶೇ 60ಕ್ಕಿಂತ ಹೆಚ್ಚು ಸ್ಥಳೀಯ ಕಾಡು ಇದ್ದರೆ ಹೊಳೆ ವರ್ಷವಿಡೀ ಹರಿಯುತ್ತದೆ. ಒಂದೇ ಜಾತಿಯ ನೆಡುತೋಪು ಇದ್ದ ಕಡೆ ಕೆಲವೇ ತಿಂಗಳು. 2021ರ ಜುಲೈ 23ರಂದು ಮಹಾದಾಯಿ ನದಿ ಉಕ್ಕಿ ಗೋವಾದ ಸತ್ತರಿ, ಬಿಚೋಲಿಯ ಮನೆಗಳು ಮುಳುಗಿದವು. ಅದೇ ದಿನ ದೂಧಸಾಗರದ ಹತ್ತಿರ ಗುಡ್ಡ ಕುಸಿದು ಮಂಗಳೂರಿನಿಂದ ಮುಂಬೈಗೆ ಹೊರಟಿದ್ದ ರೈಲು ಹಳಿ ತಪ್ಪಿತು. ಅಷ್ಟು ಮಳೆಯನ್ನು ಯಾವ ಕಾಡೂ ಪೂರ್ತಿ ತಡೆಯಲಾರದು. ಮೇ ತಿಂಗಳಲ್ಲಿ ಅದೇ ಹೊಳೆಯಲ್ಲಿ ನೀರು ಉಳಿದಿರುತ್ತದೋ ಇಲ್ಲವೋ ಅನ್ನೋದನ್ನು ಮಾತ್ರ ಕಾಡು ತೀರ್ಮಾನಿಸುತ್ತದೆ.

ಮಹಾದಾಯಿ ಅಂದ ಕೂಡಲೇ ಗೋವಾದ ಕನ್ನಡಿಗರು ತುಸು ದನಿ ತಗ್ಗಿಸುತ್ತೇವೆ. ಚಹಾದಂಗಡಿಯಲ್ಲಿ ಈ ಹೆಸರು ಎತ್ತಿದರೆ ಪಕ್ಕದ ಟೇಬಲ್ಲಿನವರು ತಿರುಗಿ ನೋಡುತ್ತಾರೆ. ನದಿ ಹುಟ್ಟುವುದು ಖಾನಾಪುರ ತಾಲ್ಲೂಕಿನಲ್ಲಿ, ಹರಿಯುವುದು ಗೋವಾಕ್ಕೆ. ಅದೇ ತಾಲ್ಲೂಕಿನ ಕಣಕುಂಬಿಯಲ್ಲಿ ಮಲಪ್ರಭಾ ಹುಟ್ಟಿ ಮೂಡಣಕ್ಕೆ ಹರಿಯುತ್ತದೆ. ಕಳಸಾ-ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಜಗಳ ದಶಕಗಳದ್ದು. 2010ರಲ್ಲಿ ನ್ಯಾಯಮಂಡಳಿ ಆಯಿತು. 2018ರ ಆಗಸ್ಟ್‌ನಲ್ಲಿ ಅದು ಕರ್ನಾಟಕಕ್ಕೆ 13.42 ಟಿಎಂಸಿ ಹಂಚಿತು. ಅದರಲ್ಲಿ 8.02 ವಿದ್ಯುತ್ತಿಗೆ. ಇಷ್ಟು ಕೂದಲು ಸೀಳಿದ ಲೆಕ್ಕ ನೆಲದ ಮೇಲಿನ ನೀರಿಗೆ. ಅದೇ ಕಾಡಿನ ತಲೆಯ ಮೇಲಿಂದ ಯಾವ ಪೈಪೂ ಇಲ್ಲದೆ, ಯಾವ ರಾಜ್ಯದ ಪರವಾನಗಿಯೂ ಇಲ್ಲದೆ ಮೂಡಣಕ್ಕೆ ದಾಟುವ ನೀರಿಗೆ ಒಂದು ಅರ್ಜಿಯೂ ಇಲ್ಲ. ಗೋವಾದವರು ಮಹಾದಾಯಿ ಉಳಿಸಿ ಅಂತ ಕಾಡು ಕಾದರೆ ಅದರ ಪಾಲು ಗದಗಕ್ಕೂ ಹೋಗುತ್ತದೆ. ಖಾನಾಪುರ ತಾಲ್ಲೂಕಿನ ಭೀಮಗಡದ ಕಾಡನ್ನು ಕರ್ನಾಟಕ ಹಾಳು ಮಾಡಿದರೆ ತನ್ನ ಮಲಪ್ರಭೆಯ ನೆತ್ತಿಗೇ ಹೊಡೆದುಕೊಂಡಂತೆ. ಎರಡೂ ಕಡೆ ಭಾಷಣ ಮಾಡುವವರು ಇದನ್ನು ಹೇಳಿದ್ದು ನಾನು ಕೇಳಿಲ್ಲ.

ಮೊಲೆಂನ ಗಲಾಟೆ ನಿಮಗೆ ನೆನಪಿರಬಹುದು. 2020ರಲ್ಲಿ ಭಗವಾನ್ ಮಹಾವೀರ ಅಭಯಾರಣ್ಯ ಮತ್ತು ಮೊಲೆಂ ರಾಷ್ಟ್ರೀಯ ಉದ್ಯಾನದೊಳಗೆ ಮೂರು ಯೋಜನೆ ಬಂದವು. ಜೋಡಿ ರೈಲು ಹಳಿ, ಚತುಷ್ಪಥ ಹೆದ್ದಾರಿ, ಧಾರವಾಡ ಕಡೆಯಿಂದ ಬರುವ 400 ಕೆ.ವಿ. ವಿದ್ಯುತ್ ಮಾರ್ಗ. ಆ ನವೆಂಬರಿನಲ್ಲಿ ಚಾಂದೋರ್‌ನಲ್ಲಿ ಜನ ರಾತ್ರಿಯಿಡೀ ಹಳಿಯ ಮೇಲೆ ಕೂತರು. ಮುರ್ಮುಗೋವಾ ಬಂದರಿನಿಂದ ಬಳ್ಳಾರಿ ಕಡೆಯ ಉಕ್ಕಿನ ಕಾರ್ಖಾನೆಗಳಿಗೆ ಕಲ್ಲಿದ್ದಲು ಸಾಗಿಸಲು ಜೋಡಿ ಹಳಿ ಅನ್ನೋದು ಅವರ ಸಿಟ್ಟು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ತಿನೈಘಾಟ್‌ನಿಂದ ಕುಳೆಂ ತನಕದ ಜೋಡಿ ಹಳಿಗೆ ವನ್ಯಜೀವಿ ಮಂಡಳಿ ಕೊಟ್ಟಿದ್ದ ಒಪ್ಪಿಗೆ ರದ್ದು ಮಾಡಿತು. ಹುಲಿಯ ಮಾತು ಬಂತು, ಕಲ್ಲಿದ್ದಲ ದೂಳಿನ ಮಾತು ಬಂತು. ಗಾಳಿಯ ದಾರಿಯಲ್ಲಿ ಮುಂದಿರುವ ಊರುಗಳ ಮಳೆ ಮಾತು ಬಂದದ್ದು ನನಗೆ ಕಾಣಲಿಲ್ಲ. ಒಂದು ಹಳಿಯಿಂದ ಗದಗಿನ ಮಳೆ ನಿಲ್ಲುವುದಿಲ್ಲ, ಅದು ಗೊತ್ತು. ಕಾಡು ಹೋಗುವುದು ಹೀಗೇ ಒಂದೊಂದು ಪಟ್ಟಿಯಾಗಿ. ಪ್ರತಿ ಪಟ್ಟಿಯ ಕಡತವನ್ನೂ ಬೇರೆ ಬೇರೆಯಾಗಿ ತೆರೆಯುತ್ತಾರೆ, ಮುಚ್ಚುತ್ತಾರೆ.

ಕಾಗದದಲ್ಲಿ ಗೋವಾ ಈಗಲೂ ಹಸಿರೇ. ಅರಣ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಸುಮಾರು ಶೇ 60 ಭಾಗ ಅರಣ್ಯ ಹೊದಿಕೆ. ಆದರೆ ಒಂದು ಹೆಕ್ಟೇರಿಗಿಂತ ದೊಡ್ಡ ಜಾಗದಲ್ಲಿ ಶೇ 10ರಷ್ಟು ಮರದ ನೆರಳು ಇದ್ದರೆ ಸಾಕು, ಅದನ್ನು ಹೊದಿಕೆ ಅಂತ ಎಣಿಸುತ್ತಾರೆ. ತೋಟವೂ ಸೇರುತ್ತದೆ. ಗೇರುತೋಪು ಮತ್ತು ಮೊಲೆಂನ ಕಾಡು ಒಂದೇ ಕಾಲಮ್ಮಿನಲ್ಲಿ ಬರುತ್ತವೆ. ಎರಡೂ ಬೇಸಿಗೆಯಲ್ಲಿ ಎತ್ತುವ ನೀರು ಒಂದೇ ಅಲ್ಲ. 2023ರ ಮಾರ್ಚ್‌ನಲ್ಲಿ ಮಹಾದಾಯಿ ಅಭಯಾರಣ್ಯ ಸೇರಿ ಗೋವಾದ ಹಲವು ಕಡೆ ದಿನಗಟ್ಟಲೆ ಬೆಂಕಿ ಉರಿಯಿತು. ಒಳಗೆ ಒದ್ದೆಯಾಗಿರುವ ಕಾಡು ಸುಮ್ನೆ ಹಾಗೆ ಉರಿಯುವುದಿಲ್ಲ.

ಪಶ್ಚಿಮ ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕೇಂದ್ರ ಸರ್ಕಾರದ ಆರನೇ ಕರಡು ಅಧಿಸೂಚನೆ 2024ರ ಜುಲೈ 31ರಂದು ಬಂತು. ವಯನಾಡಿನಲ್ಲಿ ಗುಡ್ಡ ಕುಸಿದ ಮರುದಿನ. ಆರು ರಾಜ್ಯಗಳಲ್ಲಿ 56,825 ಚ.ಕಿ.ಮೀ. ಅದರಲ್ಲಿ ಕರ್ನಾಟಕದ್ದು 20,668, ಗೋವಾದ್ದು 1,461. ಗೆರೆಯ ಒಳಗಿನ ಹಳ್ಳಿಗಳಿಂದ ಆಕ್ಷೇಪ ಬಂತು. ಅವರ ಭಯ ಸಹಜ, ನಾಳೆ ಮನೆಗೆ ಕಲ್ಲು ತರಲೂ ಆಗದೇನೋ ಅಂತ. ರೋಣ, ನರಗುಂದ, ಯಲಬುರ್ಗಾ ಆ ಪಟ್ಟಿಯಲ್ಲಿ ಇಲ್ಲ. ಇರಲು ಕಾರಣವೂ ಇಲ್ಲ, ಅಲ್ಲಿ ಘಟ್ಟವೇ ಇಲ್ಲವಲ್ಲ.

ಇದನ್ನೆಲ್ಲ ಕಾಕಾಗೆ ಇಷ್ಟು ಉದ್ದಕ್ಕೆ ಹೇಳಲಿಲ್ಲ. ಬೆಟ್ಟದ ಮಳೆ ಬೇರೆ, ಕಾಡಿನ ಮಳೆ ಬೇರೆ, ಎರಡನೇದು ನಿಮ್ಮೂರ ಕಡೆ ಹೋಗುತ್ತದೆ ಅಂದೆ. ಅವರು ಸ್ವಲ್ಪ ಹೊತ್ತು ಗ್ಲಾಸು ತಿರುಗಿಸುತ್ತ ಕೂತರು.

“ಉತ್ತರಿ ಮಳಿ ಇಲ್ಲಿಂದ ಹೋಕ್ಕೈತಿ ಅಂತೀರಿ?”

“ಅದರಾಗ ಒಂದು ಪಾಲು, ಕಾಕಾ.”

“ಮತ್ತ ನಾಳಿಂದ ನಾ ಗುಡ್ಡದ ಕೆಲಸಕ್ಕ ಹೋಗಲಿಲ್ಲ ಅಂದ್ರ ಪಗಾರ ಯಾರ್ ಕೊಡ್ತಾರ?”

ನನ್ನ ಹತ್ತಿರ ಉತ್ತರ ಇರಲಿಲ್ಲ. ಮಳೆ ತುಸು ಹೊಳವಾಗಿತ್ತು. ಅವರು ಚಹಾದ ದುಡ್ಡು ಇಟ್ಟು, ತಾಡಪಾಲು ತೆಗೆಯಲು ಎದ್ದು ಹೋದರು.